ಹಿಡಿ ಅಕ್ಕಿಯ ಮೇಲೆ ನಿಂತ ಸಭೆ: ಮಿಜೋರಾಂ ಪ್ರೆಸ್ಬಿಟೇರಿಯನ್ನರ ಒಂದು ಪ್ರಕರಣ

ಊರಿನ ಚರ್ಚಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಟ್ಟಡದಿಂದ ಶುರು ಮಾಡುತ್ತಾರೆ. ಅಡಿಗಲ್ಲು ಹಾಕಿದವರು ಯಾರು, ಗಂಟೆ ಎಲ್ಲಿಂದ ಬಂತು, ಮೊದಲ ಪಾದ್ರಿ ಯಾರು, ಹೀಗೆ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಗಳ, ಅಂದರೆ ಊರಿನ ಹಿರಿಯರು ನಡೆಸುವ ಪ್ರಾಟೆಸ್ಟಂಟ್ ಚರ್ಚುಗಳ, ಕಥೆಯನ್ನು ಅಡುಗೆಮನೆಯಿಂದ ಶುರು ಮಾಡುವುದೇ ಸರಿ ಎಂದು ನನಗೆ ಅನಿಸುತ್ತದೆ. ಆ ಸಭೆಗಳಿಗೆ ಕಾಲು ಬಂದದ್ದು ಅಲ್ಲಿಯೇ.

ಮಿಜೋ ಮನೆಗಳಲ್ಲಿ ದಿನಕ್ಕೆ ಎರಡು ಹೊತ್ತು ಅನ್ನದ ಊಟ. ಬೆಳಗ್ಗೆ ಒಂದು, ಸಂಜೆ ಕತ್ತಲಾಗುವ ಹೊತ್ತಿಗೆ ಇನ್ನೊಂದು. ಮನೆಮಂದಿಗೆ ಎಷ್ಟು ಬೇಕೋ ಅಷ್ಟು ಅಕ್ಕಿ ಅಳೆದು ಪಾತ್ರೆಗೆ ಹಾಕುತ್ತಾರೆ. ಒಲೆಗೆ ಇಡುವ ಮುಂಚೆ, ಅಡುಗೆ ಮಾಡುವ ಹೆಂಗಸು ಅದರಿಂದ ಒಂದು ಹಿಡಿ ವಾಪಸ್ ತೆಗೆದು ಪಕ್ಕದ ಬೇರೆ ಡಬ್ಬಕ್ಕೆ ಹಾಕುತ್ತಾಳೆ. ಆ ಡಬ್ಬ ಸಭೆಯದು. ಮಿಜೋ ಭಾಷೆಯಲ್ಲಿ ಇದನ್ನು ಬುಹ್‌ಫೈ ಥಾಮ್ ಅಂತಾರೆ, ಅಂದರೆ ಹಿಡಿ ಅಕ್ಕಿ. ಇದು ಶುರುವಾದದ್ದು 1910ರಲ್ಲಿ. ಒಂದು ಶತಮಾನ ದಾಟಿದರೂ ಇನ್ನೂ ನಡೆಯುತ್ತಿದೆ.

ಗಮನಿಸಿ, ಊಟ ಮುಗಿದು ಉಳಿದದ್ದನ್ನು ಇಲ್ಲಿ ಕೊಡುತ್ತಿಲ್ಲ. ಅಳೆದಿಟ್ಟ ಅಕ್ಕಿಯಿಂದಲೇ ತೆಗೆಯುತ್ತಾರೆ. ಅಷ್ಟರ ಮಟ್ಟಿಗೆ ಮನೆಯ ಅನ್ನ ಕಮ್ಮಿಯಾಗುತ್ತದೆ.

ಕೈಯಲ್ಲಿ ಕಾಸಿಲ್ಲದ ಬೆಟ್ಟದ ಊರುಗಳಲ್ಲಿ ಒಂದು ಸಭೆ ಸ್ವಂತ ಕಾಲ ಮೇಲೆ ನಿಂತದ್ದು ಹೇಗೆ? ಅದರ ಭಾರ ಹೊತ್ತ ಹೆಂಗಸರಿಗೆ ಸಭೆಯೊಳಗೆ ಸಿಕ್ಕಿದ್ದೇನು? ಈ ಪ್ರಕರಣದಲ್ಲಿ ನಾನು ಹುಡುಕುತ್ತಿರುವುದು ಈ ಎರಡು ಪ್ರಶ್ನೆಗಳಿಗೆ ಉತ್ತರ.

ಬೆಟ್ಟ ಹತ್ತಿ ಬಂದವರು

1894ರ ಜನವರಿ 11ರಂದು ಇಬ್ಬರು ಇಂಗ್ಲಿಷ್ ಯುವಕರು ದೋಣಿಯಲ್ಲಿ ಸೈರಂಗ್ ಎಂಬ ಊರಿಗೆ ಬಂದಿಳಿದರು. ಒಬ್ಬರು ಜೆ.ಎಚ್. ಲೊರೇನ್, ಇನ್ನೊಬ್ಬರು ಎಫ್.ಡಬ್ಲ್ಯು. ಸ್ಯಾವಿಜ್. ಲೀಡ್ಸ್ ನಗರದ ರಾಬರ್ಟ್ ಆರ್ಥಿಂಗ್ಟನ್ ಎಂಬ ಸಿರಿವಂತ ಕಟ್ಟಿದ ಮಿಷನ್ ಅವರನ್ನು ಕಳಿಸಿತ್ತು. ಅವರು ಅಲ್ಲಿದ್ದದ್ದು ನಾಲ್ಕೇ ವರ್ಷ. ಅಷ್ಟರಲ್ಲಿ ರೋಮನ್ ಅಕ್ಷರಗಳಲ್ಲಿ ಮಿಜೋ ಭಾಷೆಯನ್ನು ಬರೆಯುವ ಕ್ರಮ ರೂಪಿಸಿದರು. ಶಾಲೆ ತೆರೆದರು. ಲೂಕ ಮತ್ತು ಯೋಹಾನರ ಸುವಾರ್ತೆಗಳನ್ನು, ಅಪೊಸ್ತಲರ ಕೃತ್ಯಗಳನ್ನು ಅನುವಾದಿಸಿದರು. ನಿಘಂಟು ಸಿದ್ಧಮಾಡಿದರು. ಜನವರಿ 11 ಮಿಜೋರಾಂನಲ್ಲಿ ಇವತ್ತಿಗೂ ಸರ್ಕಾರಿ ರಜೆ. ಅವರು ದೋಣಿ ಇಳಿದ ಅದೇ ಸೈರಂಗ್‌ಗೆ ರೈಲು ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಆ ಬೆಟ್ಟಗಳು ಎಷ್ಟು ದುರ್ಗಮ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಆ ಇಬ್ಬರೂ ಬ್ಯಾಪ್ಟಿಸ್ಟ್ ಪಂಗಡದವರು. ಪ್ರೆಸ್ಬಿಟೇರಿಯನ್ ಕಥೆ ಶುರುವಾಗುವುದು 1897ರ ಆಗಸ್ಟ್ 31ರಂದು, ಡಿ.ಇ. ಜೋನ್ಸ್ ಐಜ್ವಾಲ್ ತಲುಪಿದಾಗ. ಅವರನ್ನು ಕಳಿಸಿದ್ದು ವೇಲ್ಸ್‌ನ ಕ್ಯಾಲ್ವಿನಿಸ್ಟಿಕ್ ಮೆಥಡಿಸ್ಟ್ ಮಿಷನ್. ಹೆಸರಲ್ಲಿ ಮೆಥಡಿಸ್ಟ್ ಅಂತ ಇದ್ದರೂ ಸಭೆ ನಡೆಸುವ ರೀತಿ ಪೂರ್ತಿ ಪ್ರೆಸ್ಬಿಟೇರಿಯನ್. ಈ ಮಿಷನ್‌ಗೆ ಈಶಾನ್ಯದ ಬೆಟ್ಟಗಳು ಹೊಸದಲ್ಲ. 1841ರಲ್ಲೇ ಥಾಮಸ್ ಜೋನ್ಸ್ ಚಿರಾಪುಂಜಿಗೆ ಬಂದು ಖಾಸಿಗಳ ನಡುವೆ ಕೆಲಸ ಶುರು ಮಾಡಿದ್ದರು. ಹಾಗಾಗಿ ಡಿ.ಇ. ಜೋನ್ಸ್ ಜೊತೆ ಖಾಸಿ ಪ್ರಚಾರಕರ ಒಂದು ಕುಟುಂಬವೂ ಬಂತು. ಮಿಜೋ ಸಭೆಗೆ ಮೊದಲ ಆಸರೆ ಕೊಟ್ಟವರಲ್ಲಿ ಪಕ್ಕದ ಬೆಟ್ಟದ ಖಾಸಿಗಳೂ ಇದ್ದರು. ಇದನ್ನು ಹೇಳುವವರು ಕಮ್ಮಿ.

1899ರಲ್ಲಿ ಖುಮ ಮತ್ತು ಖಾರ ಎಂಬ ಇಬ್ಬರಿಗೆ ದೀಕ್ಷಾಸ್ನಾನ ಆಯಿತು. ಮೊದಲ ಮಿಜೋ ಕ್ರೈಸ್ತರು ಇವರೇ. ಮುಂದಿನ ಕೆಲವು ವರ್ಷ ಕೆಲಸ ತುಂಬಾ ನಿಧಾನ. 1906ರಲ್ಲಿ ಖಾಸಿ ಬೆಟ್ಟದ ಮೈರಾಂಗ್‌ನಲ್ಲಿ ದೊಡ್ಡ ಸಮ್ಮೇಳನ ನಡೆಯಿತು. ವೇಲ್ಸ್‌ನಲ್ಲಿ 1904ರಲ್ಲಿ ಎದ್ದ ಉಜ್ಜೀವನದ, ಅಂದರೆ ಜನರಲ್ಲಿ ಭಕ್ತಿ ಹೊಸದಾಗಿ ಉಕ್ಕುವ, ಅಲೆ ಆಗ ಅಲ್ಲಿಗೂ ಮುಟ್ಟಿತ್ತು. ಐಜ್ವಾಲ್‌ನಿಂದ ಕೆಲವು ಮಿಜೋಗಳು ಬೆಟ್ಟ ಕಣಿವೆ ದಾಟಿ, ದಿನಗಟ್ಟಲೆ ನಡೆದು ಅಲ್ಲಿಗೆ ಹೋದರು. ಅವರು ವಾಪಸ್ ಬಂದಮೇಲೆ ಮಿಜೋ ಬೆಟ್ಟದಲ್ಲೂ ಆ ಅಲೆ ಎದ್ದಿತು. ಸಭೆಗಳು ಒಂದೊಂದೇ ಹುಟ್ಟಿದವು. 1913ರಲ್ಲಿ ಮೊದಲ ಮಿಜೋ ಸಭಾಪಾಲಕರಾಗಿ, ಅಂದರೆ ಪಾದ್ರಿಯಾಗಿ, ಛುವಾಖಾಮ ಅವರಿಗೆ ದೀಕ್ಷೆ ಆಯಿತು.

ಸಭೆ ಹುಟ್ಟಿದರೆ ಖರ್ಚೂ ಹುಟ್ಟುತ್ತದೆ. ಮನೆಮನೆಗೆ ಹೋಗಿ ಹೆಂಗಸರಿಗೆ ವಾಕ್ಯ ಓದಿ ಹೇಳುವ ಬೈಬಲ್ ಸ್ತ್ರೀಯರಿಗೆ ಏನಾದರೂ ಕೊಡಬೇಕು. ಪ್ರಚಾರಕರಿಗೆ ಕೊಡಬೇಕು. ಜನರ ಹತ್ತಿರ ಇದ್ದದ್ದೇನು? ಕಾಡು ಕಡಿದು, ಸುಟ್ಟು, ಬಿತ್ತಿ ಬೆಳೆದ ಭತ್ತ. ರೊಕ್ಕ ಅನ್ನುವುದು ಕಣ್ಣಿಗೆ ಬೀಳುತ್ತಿದ್ದದ್ದೇ ಅಪರೂಪ. ಅದೂ ಬ್ರಿಟಿಷರ ಮನೆ ತೆರಿಗೆಗೆ ಹೋಗುತ್ತಿತ್ತು. ಕಾಸು ಕೊಡಿ ಅಂತ ಕೇಳಿದ್ದರೆ ಹೆಚ್ಚಿನವರು ಕೈ ಕಟ್ಟಿ ಕೂತಿರಬೇಕಾಗುತ್ತಿತ್ತು. ಅಕ್ಕಿ ಕೇಳಿದ್ದರಿಂದ ಪ್ರತಿ ಮನೆಗೂ ಕೊಡುವ ದಾರಿ ತೆರೆಯಿತು.

ಒಂದು ಹಿಡಿ ಎಷ್ಟಾಗುತ್ತದೆ

ಕರಾವಳಿಯ ಹಳಬರಿಗೆ ಪಿಗ್ಮಿ ನೆನಪಿರುತ್ತದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತಗೊಂಡು ಹೋಗಲು ಶುರು ಮಾಡಿದರಲ್ಲ, ಹಿಡಿ ಅಕ್ಕಿಯ ಲೆಕ್ಕವೂ ಅದೇ ಜಾತಿಯದು. ಚೂರು ಚೂರೇ, ಆದರೆ ತಪ್ಪದೆ. ವ್ಯತ್ಯಾಸ ಇಷ್ಟೇ: ಪಿಗ್ಮಿ ಕಟ್ಟಿದವರಿಗೆ ದುಡ್ಡು ಬಡ್ಡಿ ಸಮೇತ ವಾಪಸ್ ಬರುತ್ತದೆ, ಇಲ್ಲಿ ಕೊಟ್ಟದ್ದು ಕೊಟ್ಟ ಹಾಗೆಯೇ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಹೆಂಗಸಿನ ಒಂದು ಹಿಡಿಗೆ ಸುಮಾರು 50 ಗ್ರಾಂ ಅಕ್ಕಿ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ ಎರಡು ಹಿಡಿ, ಅಂದರೆ 100 ಗ್ರಾಂ. ವರ್ಷಕ್ಕೆ ಒಂದು ಮನೆಯಿಂದ 36 ಕಿಲೋ ಚಿಲ್ಲರೆ. ಸಭೆಯಲ್ಲಿ 200 ಮನೆ ಇದ್ದರೆ ಏಳು ಟನ್ನಿಗಿಂತ ಜಾಸ್ತಿ. ಕಿಲೋಗೆ 40 ರೂಪಾಯಿ ಹಿಡಿದರೂ ಹತ್ತಿರ ಹತ್ತಿರ ಮೂರು ಲಕ್ಷ. ಯಾವ ಮನೆಗೂ ಇದು ಹೊಟ್ಟೆಗಿಲ್ಲದ ಸ್ಥಿತಿ ತರುವುದಿಲ್ಲ. ಹಾಗಂತ ಏನೂ ಅನಿಸದಷ್ಟು ಹಗುರವೂ ಅಲ್ಲ. ಇಂಥ ಸಾವಿರಾರು ಡಬ್ಬ ಸೇರಿ, ಈ ಸಭೆಗಳ ಮೇಲಿನ ಆಡಳಿತ ಮಂಡಲಿಯಾದ ಮಿಜೋರಾಂ ಸಿನೊಡ್‌ಗೆ ಈಗ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬರುತ್ತದೆ.

ಡಬ್ಬ ತುಂಬಿದ ಮೇಲೆ ನಡೆಯುವ ಕೆಲಸವೂ ಹೆಂಗಸರದೇ. ಸಭೆಯ ಮಹಿಳಾ ಕೂಟ ಬಡಾವಣೆಯನ್ನು ಹಂಚಿಕೊಳ್ಳುತ್ತದೆ. ಸರದಿ ಬಂದವರು ಮನೆಮನೆಗೆ ಹೋಗಿ ಅಕ್ಕಿ ಸುರಿಸಿಕೊಂಡು ಬರುತ್ತಾರೆ. ಎಲ್ಲ ಮನೆಯ ಅಕ್ಕಿ ಒಟ್ಟು ಸೇರಿದಾಗ ದಪ್ಪ, ಸಣ್ಣ, ಹಳೆಯದು, ಹೊಸದು ಎಲ್ಲ ಬೆರೆತುಹೋಗುತ್ತದೆ. ಯಾವುದು ಯಾರ ಮನೆಯದು ಅಂತ ಆಮೇಲೆ ಹೇಳಲಾಗದು. ಆ ಅಕ್ಕಿಯನ್ನು ಅಳೆದು ಮಾರುತ್ತಾರೆ. ಕೊಳ್ಳುವವರಲ್ಲಿ ಸಭೆಯವರೂ ಇರುತ್ತಾರೆ. ಬಂದ ದುಡ್ಡು ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಆ ಬೆರಕೆ. ದುಡ್ಡಿನ ಕಾಣಿಕೆಯಲ್ಲಿ ದೊಡ್ಡ ನೋಟು, ಸಣ್ಣ ನೋಟು ಅಂತ ಇರುತ್ತದೆ. ಹಿಡಿ ಅಕ್ಕಿಯಲ್ಲಿ ಬಡವಿಯ ಹಿಡಿ, ಅಧಿಕಾರಿಯ ಹೆಂಡತಿಯ ಹಿಡಿ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಕೈಯ ಗಾತ್ರ ದೇವರು ಕೊಟ್ಟದ್ದಲ್ವಾ, ಸಂಬಳ ಜಾಸ್ತಿಯಾದರೆ ಅದು ದೊಡ್ಡದಾಗುವುದಿಲ್ಲ. ಓದು ಬಾರದ, ಸಭೆಯಲ್ಲಿ ಎದ್ದು ಮಾತಾಡಲು ಹೆದರುವ ಹೆಂಗಸಿಗೂ ಇದು ದಿನಕ್ಕೆ ಎರಡು ಸಲ ನೀನು ಸದಸ್ಯೆ ಅಂತ ನೆನಪಿಸುತ್ತದೆ.

ಇನ್ನೊಂದು ಸಂಗತಿ. ಮಿಜೋರಾಂ ತನಗೆ ಬೇಕಾದಷ್ಟು ಅಕ್ಕಿ ಬೆಳೆಯುವುದಿಲ್ಲ. ದೊಡ್ಡ ಪಾಲು ಅಸ್ಸಾಂ ದಾರಿಯಾಗಿ ಹೊರಗಿನಿಂದ ಬರುತ್ತದೆ. 2021ರ ಜುಲೈನಲ್ಲಿ ಎರಡು ರಾಜ್ಯಗಳ ಗಡಿಯಲ್ಲಿ ಘರ್ಷಣೆಯಾಗಿ ಹೆದ್ದಾರಿ ನಿಂತಾಗ ಲಾರಿಗಳೂ ನಿಂತವು. ಇವತ್ತು ಎಷ್ಟೋ ಮನೆಗಳಲ್ಲಿ ತೆಗೆದಿಡುವ ಹಿಡಿ ರೇಷನ್ ಅಕ್ಕಿಯದು. ಹೊಲದ ಬೆಳೆಯಿಂದ ಹುಟ್ಟಿದ ರೂಢಿ ರೇಷನ್ ಅಂಗಡಿಯ ಕಾಲಕ್ಕೂ ಒಗ್ಗಿಕೊಂಡಿದೆ. ಗ್ಯಾಸ್ ಒಲೆ, ಕುಕ್ಕರ್ ಬಂದರೂ ಡಬ್ಬ ಹೋಗಲಿಲ್ಲ.

ಹಿರಿಯರ ಸಭೆ, ಡೋಲಿನ ಹಾಡು

ಪ್ರೆಸ್ಬಿಟೇರಿಯನ್ ಅಂದರೆ ಹಿರಿಯರು ನಡೆಸುವ ಸಭೆ. ಬಿಷಪ್ ಇಲ್ಲ. ಸಭೆಯ ಸದಸ್ಯರೇ ಮತ ಹಾಕಿ ಹಿರಿಯರನ್ನು ಆರಿಸುತ್ತಾರೆ. ಮಿಜೋಗಳು ಅವರನ್ನು ಉಪಾ ಅಂತ ಕರೆಯುತ್ತಾರೆ. ಹಲವು ಸಭೆ ಸೇರಿ ಒಬ್ಬ ಸಭಾಪಾಲಕರ ವಲಯ. ಅದರ ಮೇಲೆ ಪ್ರೆಸ್ಬಿಟರಿ, ಅದರ ಮೇಲೆ ಸಿನೊಡ್. ಒಬ್ಬ ಸಭಾಪಾಲಕರಿಗೆ ಹಲವು ಸಭೆ ಇರುವುದರಿಂದ ಅವರು ಪ್ರತಿ ಭಾನುವಾರ ಎಲ್ಲ ಕಡೆ ಇರಲಾಗದು. ಹೆಚ್ಚಿನ ವಾರ ಉಪದೇಶ, ಪ್ರಾರ್ಥನೆ, ಜಗಳ ಬಗೆಹರಿಸುವುದು ಎಲ್ಲ ಊರಿನ ಹಿರಿಯರ ತಲೆಯ ಮೇಲೆ. ಮೇಷ್ಟ್ರು, ಗುಮಾಸ್ತ, ಅಂಗಡಿಯವರು, ರೈತರು ಇಂಥವರೇ ಪೀಠ ಹತ್ತುತ್ತಾರೆ.

ಈ ಏರ್ಪಾಟಿನ ಬೆಲೆ ಗೊತ್ತಾದದ್ದು ಕಷ್ಟ ಬಂದಾಗ. 1959ರಲ್ಲಿ ಬಿದಿರು ಹೂಬಿಟ್ಟು ಇಲಿಗಳ ಸಂತತಿ ಏರಿ ಬೆಳೆಯೆಲ್ಲ ಹೋಯಿತು. ಮೌತಾಮ್ ಎಂಬ ಈ ಬರ ಸುಮಾರು 48 ವರ್ಷಕ್ಕೊಮ್ಮೆ ಬರುತ್ತದೆ. 1911ರಲ್ಲೂ, ಅಂದರೆ ಹಿಡಿ ಅಕ್ಕಿ ಶುರುವಾದ ಮರುವರ್ಷವೇ, ಬಂದಿತ್ತು. 1959ರ ಬರದ ಸಿಟ್ಟಿನಿಂದ ಹುಟ್ಟಿದ ಸಂಘಟನೆ ಮುಂದೆ ಲಾಲ್‌ಡೆಂಗ ಅವರ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರಲ್ಲಿ ಅದು ಭಾರತ ಸರ್ಕಾರದ ವಿರುದ್ಧ ಬಂಡಾಯ ಎದ್ದಿತು. ಆ ಮಾರ್ಚ್ 5ರಂದು ಐಜ್ವಾಲ್ ಮೇಲೆ ವಾಯುಪಡೆಯ ವಿಮಾನಗಳು ದಾಳಿ ಮಾಡಿದವು. ಮರುವರ್ಷದಿಂದ ನೂರಾರು ಹಳ್ಳಿ ಎಬ್ಬಿಸಿ, ಜನರನ್ನು ರಸ್ತೆ ಬದಿಯ ಶಿಬಿರಗಳಿಗೆ ಸೇರಿಸಿದರು. ಹಲವು ಹಳ್ಳಿಗಳ ಸಭೆಯವರು ಒಂದೇ ಬೇಲಿಯೊಳಗೆ ಬದುಕಬೇಕಾಯಿತು. 1960ರ ದಶಕ ಮುಗಿಯುವ ಮುಂಚೆ ವೇಲ್ಸ್‌ನ ಮಿಷನರಿಗಳೂ ದೇಶ ಬಿಟ್ಟರು.

ಹೊರಗಿನ ಕೈ ಹಿಡಿದು ನಡೆದ ಸಭೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯಲಿಲ್ಲ. ಆಡಳಿತಕ್ಕೆ ಊರಿನ ಹಿರಿಯರಿದ್ದರು, ಖರ್ಚಿಗೆ ಅಕ್ಕಿ ಮತ್ತು ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ, ಇತ್ತು. ಇಡೀ ಬೈಬಲ್ 1959ರಲ್ಲೇ ಮಿಜೋ ಭಾಷೆಯಲ್ಲಿ ಕೈಗೆ ಬಂದಿತ್ತು. 1986ರ ಜೂನ್ 30ರ ಶಾಂತಿ ಒಪ್ಪಂದಕ್ಕೆ ಮುಂಚಿನ ವರ್ಷಗಳಲ್ಲಿ ಎರಡೂ ಕಡೆಯವರ ಹತ್ತಿರ ಮಾತಾಡಿಸುವ ಕೆಲಸವನ್ನು ಸಭೆಗಳ ನಾಯಕರು ಬಿಡದೆ ಮಾಡಿದರು.

ಹಾಡಿನ ವಿಷಯ ಹೇಳದೆ ಮಿಜೋ ಸಭೆಯ ಬದುಕು ಪೂರ್ತಿ ಆಗುವುದಿಲ್ಲ. ವೇಲ್ಸ್‌ನವರು ಕೀರ್ತನೆ ತಂದರು, ಸೋಲ್ಫಾ ಸ್ವರ ಕಲಿಸಿದರು, ನಾಲ್ಕು ದನಿಯಲ್ಲಿ ಹಾಡುವುದು ಕಲಿಸಿದರು. ಜನ ಚೆನ್ನಾಗಿಯೇ ಕಲಿತರು. ಆದರೆ ಡೋಲು ಸಭೆಯ ಹೊರಗೇ ಉಳಿಯಿತು. ಹಳೆಯ ಹಬ್ಬಗಳ, ಅಕ್ಕಿಯ ಹೆಂಡದ ಕೂಟಗಳ ಜೊತೆ ಅದು ಅಂಟಿಕೊಂಡಿತ್ತು ಅನ್ನುವ ಕಾರಣಕ್ಕೆ. 1919ರ ಉಜ್ಜೀವನದ ಹೊತ್ತಿಗೆ ಜನರ ಒಳಗಿನ ಒತ್ತಡಕ್ಕೆ ಆ ಕಟ್ಟು ಸಡಿಲವಾಯಿತು. ಡೋಲು ಒಳಗೆ ಬಂತು. 1920ರ ಸುಮಾರಿಗೆ ಪಾಟೆಯಾ, ಕಾಮ್‌ಲಾಲ ಅಂಥವರು ತಮ್ಮದೇ ಹಾಡು ಕಟ್ಟಿದರು. ನಿಧಾನ ಲಯ, ಎಳೆದು ಎಳೆದು ಹಾಡುವ ದನಿ, ಸಾವು ನೋವು ಪರಲೋಕ ಕುರಿತ ಮಾತು. ಡೋಲಿನ ಗತಿಗೆ ಜನ ಎದ್ದು, ಮುಂದಿನ ಖಾಲಿ ಜಾಗದಲ್ಲಿ ಸುತ್ತಾಗಿ ಹೆಜ್ಜೆ ಹಾಕುತ್ತಾರೆ. ವೇಲ್ಸ್‌ನಿಂದ ಬಂದ ಸಭೆ ಮಿಜೋಗಳ ಸ್ವಂತದ್ದಾದ ಘಳಿಗೆ ಯಾವುದು ಅಂತ ಕೇಳಿದರೆ ನಾನು ಎರಡನ್ನು ಹೇಳುತ್ತೇನೆ: ಅಕ್ಕಿ ಡಬ್ಬ ಇಟ್ಟದ್ದು, ಡೋಲು ಒಳಗೆ ತಂದದ್ದು.

ಸಾವಾದ ಮನೆಯಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಸುದ್ದಿ ಹಬ್ಬಿದ ಕೂಡಲೇ ಬಡಾವಣೆಯ ಹುಡುಗರು ಗುಂಡಿ ತೋಡಲು ಹೊರಡುತ್ತಾರೆ. 1935ರಲ್ಲಿ ಹುಟ್ಟಿ ಈಗ ಯಂಗ್ ಮಿಜೋ ಅಸೋಸಿಯೇಷನ್ ಆಗಿರುವ ಸಂಘ ಇದನ್ನು ತನ್ನ ಕೆಲಸ ಅಂತಲೇ ನಡೆಸಿಕೊಂಡು ಬಂದಿದೆ. ಅದು ಸಭೆಯ ಅಂಗಸಂಸ್ಥೆ ಅಲ್ಲ. ಆದರೆ ಬರುವವರು ಅದೇ ಹುಡುಗರು, ಅದೇ ಹಿರಿಯರು. ಸಂಜೆಯಾದರೆ ದುಃಖದ ಮನೆಯಲ್ಲಿ ಜನ ಸೇರಿ ಡೋಲು ಇಟ್ಟುಕೊಂಡು ತಡರಾತ್ರಿವರೆಗೆ ಹಾಡುತ್ತಾರೆ. ಹೆಂಗಸರು ಚಹಾ ಕಾಯಿಸುತ್ತಾರೆ. ಆ ಮನೆಯವರನ್ನು ಒಂಟಿಯಾಗಿ ಬಿಡುವುದಿಲ್ಲ. ಬೇರೆಯವರ ಕಷ್ಟಕ್ಕೆ ಹಿಂದುಮುಂದು ನೋಡದೆ ನುಗ್ಗುವ ಈ ಗುಣಕ್ಕೆ ಮಿಜೋಗಳು ತ್ಲೋಮ್‌ಙೈನ ಅಂತಾರೆ. ಅದು ಕ್ರೈಸ್ತ ಸಭೆ ಬರುವ ಮುಂಚೆಯೇ ಅಲ್ಲಿತ್ತು. ಸಭೆ ಅದಕ್ಕೆ ವಾರದ ಕ್ರಮ, ಲೆಕ್ಕದ ಪುಸ್ತಕ ಕೊಟ್ಟಿತು.

ಬಿಗಿಯಾದ ಬದುಕಿನ ಭಾರ

ಇಷ್ಟು ಬಿಗಿಯಾಗಿ ಹೆಣೆದ ಸಭೆಗೆ ಇನ್ನೊಂದು ಮುಖವೂ ಇದೆ. 2011ರ ಜನಗಣತಿ ಪ್ರಕಾರ ಮಿಜೋರಾಂನ 87 ಶೇಕಡ ಜನ ಕ್ರೈಸ್ತರು. ಸಭೆಗಳಲ್ಲಿ ದೊಡ್ಡದು ಪ್ರೆಸ್ಬಿಟೇರಿಯನ್. ಭಾನುವಾರ ಐಜ್ವಾಲ್‌ನ ಅಂಗಡಿ ಬೀದಿ ಮುಚ್ಚಿರುತ್ತದೆ. ಸಭೆ ಒಂದು ಮಾತು ಹೇಳಿದರೆ ಸರ್ಕಾರ ಕಿವಿಗೊಡಬೇಕು. 1997ರಲ್ಲಿ ಜಾರಿಗೆ ಬಂದ ಪಾನನಿಷೇಧಕ್ಕೆ, 2015ರಲ್ಲಿ ಅದು ಸಡಿಲವಾದ ಮೇಲೆ 2019ರಲ್ಲಿ ಮತ್ತೆ ಬಿಗಿಯಾದದ್ದಕ್ಕೆ ಸಭೆಗಳ ಒತ್ತಾಯವೇ ಮುಖ್ಯ ಕಾರಣ. 2006ರಲ್ಲಿ ಸಿನೊಡ್ ಮುಂದೆ ನಿಂತು ಮಿಜೋರಾಂ ಪೀಪಲ್ಸ್ ಫೋರಂ ಕಟ್ಟಿತು. ಚುನಾವಣೆಯಲ್ಲಿ ದುಡ್ಡಿನ ಆಟ ತಡೆಯಲು ಅದು ಪಕ್ಷಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಮತಕ್ಕೆ ನೋಟು ಹಂಚುವುದನ್ನು ನೋಡಿ ನೋಡಿ ಸಾಕಾದ ನಮ್ಮಂಥವರಿಗೆ ಇದು ದೊಡ್ಡ ವಿಷಯ.

ಆದರೂ ಒಂದು ಪ್ರಶ್ನೆ ಕೇಳಲೇಬೇಕು. ಎಲ್ಲರೂ ಕೊಡುವ ಬೀದಿಯಲ್ಲಿ ಕೊಡದ ಮನೆ ಬೇಗ ಕಣ್ಣಿಗೆ ಬೀಳುತ್ತದೆ. ಡಬ್ಬ ತೆಗೆದುಕೊಳ್ಳಲು ಬರುವವಳು ಅಕ್ಕಪಕ್ಕದವಳೇ. ಅವಳ ಮುಂದೆ ಖಾಲಿ ಡಬ್ಬ ಹಿಡಿಯುವುದು ಸುಲಭದ ಮಾತಲ್ಲ. ಕೆಲಸ ಹೋದ ಮನೆ, ಕುಡಿತಕ್ಕೆ ಬಿದ್ದ ಗಂಡ ಇರುವ ಮನೆ, ಇವರ ಪಾಲಿಗೆ ಹಿಡಿ ಅಕ್ಕಿ ಹಿಡಿಯಷ್ಟೇ ಆಗಿ ಉಳಿಯುತ್ತದಾ? ಅಕ್ಕಿಯ ಜೊತೆ ದಶಮಾಂಶ, ಕಟ್ಟಡದ ಕಾಣಿಕೆ, ಮಿಷನ್ ಕಾಣಿಕೆ ಸೇರಿದರೆ ಬಡ ಮನೆಗೆ ಸಣ್ಣ ಹೊರೆಯಲ್ಲ. ಕೊಡುವುದನ್ನು ಸುಲಭ ಮಾಡಿದ ಸಭೆ ಕೊಡದೆ ಇರುವುದನ್ನೂ ಸುಲಭ ಮಾಡಬೇಕು. ಇಲ್ಲದಿದ್ದರೆ ಕಾಣಿಕೆ ತೆರಿಗೆಯಾಗುತ್ತದೆ.

ಡಬ್ಬ ಯಾರ ಕೈಯಲ್ಲಿ, ತೀರ್ಮಾನ ಯಾರ ಕೈಯಲ್ಲಿ

ಇನ್ನು ಎರಡನೇ ಪ್ರಶ್ನೆ. ಅಕ್ಕಿ ತೆಗೆದಿಡುವವರು ಹೆಂಗಸರು, ಸಂಗ್ರಹಿಸುವವರು ಹೆಂಗಸರು, ಅಳೆದು ಮಾರುವವರು ಹೆಂಗಸರು. ಆ ದುಡ್ಡಿನಿಂದ ಮಿಜೋರಾಂ ಆಚೆ ಬೇರೆ ರಾಜ್ಯಗಳಿಗೆ ಸುವಾರ್ತಾ ಸೇವಕರು ಹೋಗುತ್ತಾರೆ, ಶಾಲೆಗಳು ನಡೆಯುತ್ತವೆ. ಆದರೆ ಮಿಜೋರಾಂ ಸಿನೊಡ್ ಹೆಂಗಸರಿಗೆ ಸಭಾಪಾಲಕಿಯ ದೀಕ್ಷೆ ಕೊಡಲು ಒಪ್ಪಿಕೊಂಡಿಲ್ಲ. ದೇವಶಾಸ್ತ್ರ ಓದಿದ, ಅದನ್ನು ಗಂಡಸರಿಗೇ ಪಾಠ ಮಾಡುವ ಮಿಜೋ ಹೆಂಗಸರಿದ್ದಾರೆ. ಅವರ ಹತ್ತಿರ ಕಲಿತ ಹುಡುಗ ಸಭಾಪಾಲಕನಾಗುತ್ತಾನೆ, ಕಲಿಸಿದವಳು ಆಗುವ ಹಾಗಿಲ್ಲ. ಉಪಾ ಪೀಠದಲ್ಲೂ ಕಾಣುವುದು ಗಂಡಸರೇ.

ಇದಕ್ಕೆ ಹೇಳುವ ಕಾರಣಗಳು ಇವೆ. ಮಿಜೋ ಸಮಾಜದಲ್ಲಿ ಮನೆ, ಆಸ್ತಿ, ಕುಲ ಎಲ್ಲ ತಂದೆಯ ಕಡೆಯಿಂದ ಬಂದದ್ದು. ಜನ ಇನ್ನೂ ಸಿದ್ಧವಾಗಿಲ್ಲ ಅನ್ನುವ ಮಾತೂ ಇದೆ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಡೋಲಿನ ವಿಷಯದಲ್ಲೂ ಜನ ಸಿದ್ಧವಾಗಿಲ್ಲ ಅಂತ ಕಾದು ಕೂತಿದ್ದರೆ ಆ ಹಾಡುಗಳು ಹುಟ್ಟುತ್ತಲೇ ಇರಲಿಲ್ಲ. ಹಿರಿಯರನ್ನು ಸದಸ್ಯರೇ ಆರಿಸುವುದು ಈ ಸಭೆಯ ಹೆಮ್ಮೆ. ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು.

ಭಾರತದ ಬೇರೆ ಪ್ರಾಟೆಸ್ಟಂಟ್ ಸಭೆಗಳು ಈ ವಿಷಯದಲ್ಲಿ ಮುಂದೆ ಹೋಗಿವೆ. ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹೆಂಗಸರಿಗೆ ದೀಕ್ಷೆ ಕೊಟ್ಟು ದಶಕಗಳೇ ಕಳೆದವು. 2013ರಲ್ಲಿ ಅದರ ನಂದ್ಯಾಲ ಸಭಾಪ್ರಾಂತಕ್ಕೆ ಇ. ಪುಷ್ಪಲಲಿತ ಬಿಷಪ್ ಆದರು. 1947ರಲ್ಲಿ ಆ ಸಭೆ ಹುಟ್ಟುವಾಗ ಆಂಗ್ಲಿಕನ್ನರ, ಮೆಥಡಿಸ್ಟರ ಜೊತೆ ಪ್ರೆಸ್ಬಿಟೇರಿಯನ್ನರೂ ಸೇರಿದ್ದರು. ಹಾಗಾಗಿ ಇದು ಪ್ರೆಸ್ಬಿಟೇರಿಯನ್ ಪರಂಪರೆಗೆ ಹೊರಗಿನ ಬೇಡಿಕೆ ಅಲ್ಲ. ಮಿಜೋ ಸಭೆಯ ಮೂಲವಾದ ವೇಲ್ಸ್ ಸಭೆಯಲ್ಲೂ ಹೆಂಗಸರು ಸಭಾಪಾಲಕಿಯರಾಗಿ ಸೇವೆ ಮಾಡುತ್ತಿದ್ದಾರೆ. ಈ ಕೋರಿಕೆ ಮಿಜೋರಾಂ ಒಳಗಿನಿಂದಲೇ ಎದ್ದದ್ದು. ಕೇಳುತ್ತಿರುವವರಲ್ಲಿ ಚಿಕ್ಕಂದಿನಿಂದ ಅಮ್ಮನ ಪಕ್ಕ ನಿಂತು ಡಬ್ಬಕ್ಕೆ ಹಿಡಿ ಹಾಕಿ ಬೆಳೆದ ಹೆಣ್ಣುಮಕ್ಕಳಿದ್ದಾರೆ. ಉತ್ತರ ಕೊಡಬೇಕಾದದ್ದು ಸಿನೊಡ್.